ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಉಕ್ಕಿ ಚೆಲ್ಲದಿರಲು

ತುಮಕೂರಿನಲ್ಲಿ ಏಪ್ರಿಲ್ ಬಂತೆಂದರೆ ರಾತ್ರಿಯಾದರೂ ಅಡುಗೆಮನೆಯ ಸೆಕೆ ಇಳಿಯುವುದಿಲ್ಲ. ಚಳಿಗಾಲದಲ್ಲಿ ಬೆಳಗಾದರೂ ಹುದುಗಲು ಸತಾಯಿಸುವ ಇಡ್ಲಿ ಹಿಟ್ಟು ಈಗ ಆರೇಳು ಗಂಟೆಗಳಲ್ಲೇ ಉಬ್ಬಿ, ಮುಚ್ಚಳವನ್ನು ಎತ್ತಿಕೊಂಡು ಕಟ್ಟೆಯ ಮೇಲೆಲ್ಲ ಹರಿದಿರುತ್ತದೆ.

ಅಕ್ಕಿ ಮತ್ತು ಉದ್ದಿನ ಜೊತೆಗೇ ಬರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್, ಹಿಟ್ಟಿನಲ್ಲಿ ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಹಿಡಿದಿಡುವುದರಿಂದ ಹಿಟ್ಟು ಏರುತ್ತದೆ. ಉಕ್ಕುತ್ತದೆಂದು ಉದ್ದನ್ನು ಕಡಿಮೆ ಮಾಡುವವರಿದ್ದಾರೆ, ಅದು ಸರಿಯಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಂಥ ಮೃದುತ್ವ ಬೇಕೆನ್ನುವವರಿಗೆ ಆ ಗುಳ್ಳೆಗಳೇ ಆಧಾರ. ಬದಲಾಗಬೇಕಾದದ್ದು ಪಾತ್ರೆ ಮತ್ತು ಅದನ್ನಿಡುವ ಜಾಗ.

ಹಿಟ್ಟು ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಉಬ್ಬುವುದರಿಂದ ಪಾತ್ರೆಯ ಅರ್ಧಕ್ಕಿಂತ ಕಡಿಮೆ ತುಂಬಬೇಕು. 2 ಲೀಟರ್ ಹಿಟ್ಟಿಗೆ 5 ಲೀಟರಿನ ಪಾತ್ರೆ ಬೇಕು, ಇಲ್ಲವೇ ಎರಡು ಪಾತ್ರೆಗಳಿಗೆ ಹಂಚಬೇಕು. ಮೇಲೆ ತಟ್ಟೆಯನ್ನು ಸಡಿಲವಾಗಿ ಮುಚ್ಚಿ, ಅಡಿಯಲ್ಲಿ ಅಂಚಿರುವ ಇನ್ನೊಂದು ತಟ್ಟೆಯನ್ನಿಡಿ. ಬಿಗಿ ಮುಚ್ಚಳದ ಡಬ್ಬಿ ಖಂಡಿತ ಬೇಡ. ಒಳಗೆ ಒತ್ತಡ ಕಟ್ಟಿಕೊಂಡು, ತೆರೆದ ಕ್ಷಣವೇ ಹಿಟ್ಟು ಮುಖಕ್ಕೆ ಚಿಮ್ಮಬಹುದು.

ಮಿಕ್ಸಿಯಲ್ಲಿ ರುಬ್ಬುವಾಗ ಹಿಟ್ಟು ಬಿಸಿಯಾಗುತ್ತದೆ. ಆದ್ದರಿಂದ ತಣ್ಣೀರು ಬಳಸಿ, ನಡುನಡುವೆ ನಿಲ್ಲಿಸಿ ರುಬ್ಬಬೇಕು. ಬೇಸಿಗೆಯಲ್ಲಿ ಉಪ್ಪನ್ನು ರುಬ್ಬಿದ ಕೂಡಲೇ ಬೆರೆಸಿದರೆ ಹುದುಗುವ ವೇಗ ತುಸು ತಗ್ಗುತ್ತದೆ. ಪಾತ್ರೆಯನ್ನು ಒಲೆಯಿಂದ ದೂರ, ತಣ್ಣೀರು ತುಂಬಿದ ಅಗಲ ಬೇಸಿನ್ನಿನಲ್ಲಿ ಇಟ್ಟರೆ ಇರುವೆಯೂ ಹತ್ತುವುದಿಲ್ಲ.

ಮಲಗುವ ಮುನ್ನವೇ ಹಿಟ್ಟು ಅಂಚಿನ ಹತ್ತಿರ ಬಂದಿದ್ದರೆ ಸೌಟಿನಿಂದ ಕಲಕಿ ಇಳಿಸಬೇಡಿ, ಗುಳ್ಳೆಗಳೆಲ್ಲ ಒಡೆದುಹೋಗುತ್ತವೆ. ಮೇಲಿನ ಭಾಗವನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದು, ಎರಡನ್ನೂ ಫ್ರಿಜ್ಜಿನಲ್ಲಿಡಿ. ಪಾತ್ರೆಯ ನಡುಭಾಗ ತಣ್ಣಗಾಗಲು ಹೊತ್ತು ಹಿಡಿಯುವುದರಿಂದ ಅಲ್ಲಿಯೂ ಹಿಟ್ಟು ಸ್ವಲ್ಪ ಏರುತ್ತದೆ, ಅಷ್ಟು ಜಾಗವಿರಲಿ.

ಚೆಲ್ಲಿಯೇ ಹೋಗಿದ್ದರೆ ಬಿಸಿನೀರು ಸುರಿಯಬೇಡಿ. ಬಿಸಿನೀರಿಗೆ ಹಿಟ್ಟು ಬೆಂದು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಹಸಿಯಾಗಿರುವಾಗಲೇ ದೋಸೆ ಮಗುಚುವ ಕೈಯಿಂದ ಬಳಿದು ತೆಗೆದು, ಉಳಿದದ್ದನ್ನು ತಣ್ಣೀರಿನ ಬಟ್ಟೆಯಲ್ಲಿ ಒರೆಸಿ. ಒಣಗಿದ ಕಡೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ನೆನೆಯಲು ಬಿಡಿ. ಬಳಿದ ಹಿಟ್ಟನ್ನು ಸಿಂಕಿಗೆ ಹಾಕಿದರೆ ಪೈಪಿನಲ್ಲಿ ಕಟ್ಟಿಕೊಳ್ಳುವುದರಿಂದ ಹಸಿ ಕಸಕ್ಕೆ ಹಾಕುವುದೇ ಲೇಸು. ಅಡಿಯ ಶುಚಿಯಾದ ತಟ್ಟೆಗೆ ಬಿದ್ದದ್ದನ್ನು ಮಾತ್ರ ದೋಸೆಗೆ ಬಳಸಬಹುದು. ಪಾತ್ರೆಯಲ್ಲಿ ಉಳಿದ ಹಿಟ್ಟು ನೊರೆನೊರೆಯಾಗಿದ್ದರೆ ಕಲಕದೆ ಇಡ್ಲಿಗೆ ಹಾಕಿ; ಗುಳ್ಳೆ ಇಳಿದು ಹುಳಿ ಮುಂದಾಗಿದ್ದರೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸಿ ಪಡ್ಡು ಮಾಡಿ.