ಮೀನು ಬಿಡುವ ಮೊದಲು: ಹೊಸ ತೊಟ್ಟಿಯಲ್ಲಿ ಅಮೋನಿಯಾ ಅಳೆಯುವ ಕ್ರಮ

ಹೊಸ ತೊಟ್ಟಿಗೆ ನೀರು ತುಂಬಿಸಿದ ಮರುದಿನವೇ ಮೀನು ಬಿಟ್ಟು, ವಾರ ಕಳೆಯುವುದರೊಳಗೆ ಅವನ್ನು ಒಂದೊಂದಾಗಿ ಎತ್ತಿ ಹೊರಹಾಕಬೇಕಾಗಿ ಬಂದವರಲ್ಲಿ ನಾನೂ ಒಬ್ಬ. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಆ ದಿನ ನೀರು ತಿಳಿಯಾಗಿಯೇ ಇತ್ತು, ವಾಸನೆಯೂ ಇರಲಿಲ್ಲ. ಆದರೂ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಕಿವಿರುಗಳು ಕೆಂಪೇರಿದ್ದವು. ಕಾರಣ ಅಮೋನಿಯಾ. ಅದು ಮೀನಿನ ಕಿವಿರಿನಿಂದ ಸದಾ ಹೊರಬೀಳುತ್ತಿರುತ್ತದೆ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುತ್ತದೆ. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ಅಷ್ಟಾಗಿ ಕೇಡು ಮಾಡದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಜೀವಿಗಳು ಹೆಚ್ಚಾಗಿ ನೀರಿನಲ್ಲಿ ತೇಲುವುದಿಲ್ಲ. ಫಿಲ್ಟರಿನ ಸ್ಪಾಂಜು, ಜಲ್ಲಿ, ಗಾಜಿನ ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಸಂಖ್ಯೆಗೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಈ ಅವಧಿಯನ್ನು ಮೀನಿಲ್ಲದೆ, ಕೈಯಾರೆ ಅಮೋನಿಯಾ ಹಾಕಿ ಕಳೆಯುವುದನ್ನೇ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ. ಈ ಕೆಲಸದಲ್ಲಿ ಅಳತೆಯೇ ನಮ್ಮ ಕಣ್ಣು. ಆದ್ದರಿಂದ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನಲ್ಲ, ಪರೀಕ್ಷೆಯ ಕಿಟ್ಟನ್ನು ಮತ್ತು ಅದನ್ನು ಹಿಡಿದ ನಮ್ಮ ಕೈಯನ್ನು.

ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ ಅಮೋನಿಯಾ ಕಿಟ್ಟುಗಳಲ್ಲಿ ಮುಖ್ಯವಾಗಿ ಎರಡು ಬಗೆಯವಿವೆ. ಸ್ಯಾಲಿಸಿಲೇಟ್ ವಿಧಾನದ ಕಿಟ್ಟಿನಲ್ಲಿ ನೀರು ಹಳದಿಯಿಂದ ಹಸಿರಿಗೆ ತಿರುಗುತ್ತದೆ. ನೆಸ್ಲರ್ ವಿಧಾನದಲ್ಲಿ ಬಣ್ಣವಿಲ್ಲದ ನೀರು ಹಳದಿಯಾಗಿ, ಅಮೋನಿಯಾ ಹೆಚ್ಚಿದಂತೆ ಕಂದಾಗುತ್ತದೆ. ನೆಸ್ಲರ್ ದ್ರಾವಣದಲ್ಲಿ ಪಾದರಸವಿರುವುದರಿಂದಲೂ, ಕ್ಲೋರಿನ್ ತೆಗೆಯಲು ಬಳಸುವ ಕೆಲವು ಔಷಧಿಗಳ ಜೊತೆ ಅದು ಸುಳ್ಳು ಅಂಕಿ ತೋರಿಸುವುದರಿಂದಲೂ ನಾನು ಸ್ಯಾಲಿಸಿಲೇಟ್ ಕಿಟ್ಟನ್ನೇ ಸೂಚಿಸುತ್ತೇನೆ. ನೀರಿಗೆ ಅದ್ದಿ ತೆಗೆಯುವ ಪಟ್ಟಿಗಳನ್ನು ಸೈಕ್ಲಿಂಗಿಗೆ ನೆಚ್ಚಿಕೊಳ್ಳಬೇಡಿ. ಅವುಗಳಲ್ಲಿ ಎಷ್ಟೋ ಪಟ್ಟಿಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ. ಕೊಳ್ಳುವಾಗ ಬಾಟಲಿಯ ತಯಾರಿಕೆಯ ದಿನಾಂಕ ನೋಡಬೇಕು. ಹೆಚ್ಚು ಬಳಕೆಯಲ್ಲಿರುವ ಎಪಿಐ ಎಂಬ ಬ್ರಾಂಡಿನ ಕಿಟ್ಟಿನಲ್ಲಿ ಲಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ತಿಂಗಳನ್ನೂ ವರ್ಷವನ್ನೂ ಹೇಳುತ್ತವೆ. ಅಮೋನಿಯಾದ ಜೊತೆಗೆ ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಪರೀಕ್ಷೆಗಳೂ ಬೇಕಾಗುತ್ತವೆ.

ಎಪಿಐ ಕಿಟ್ಟಿನ ಕ್ರಮ ಹೀಗಿದೆ. ಟೆಸ್ಟ್ ಟ್ಯೂಬನ್ನು ತೊಟ್ಟಿಯ ನೀರಿನಲ್ಲೇ ಎರಡು ಬಾರಿ ತೊಳೆದು, ಗೆರೆಯವರೆಗೆ, ಅಂದರೆ 5 ಮಿಲಿಲೀಟರ್ ನೀರು ತುಂಬಿಸಬೇಕು. ನೀರಿನ ಮೇಲ್ಮೈ ಟ್ಯೂಬಿನ ಅಂಚಿನಲ್ಲಿ ಸ್ವಲ್ಪ ಮೇಲೇರಿರುತ್ತದೆ. ಗೆರೆಗೆ ಹೊಂದಬೇಕಾದದ್ದು ಆ ಅಂಚಲ್ಲ, ನಡುವಿನ ತಗ್ಗು. ಒಂದನೆಯ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ ಹಾಕಿ, ಮುಚ್ಚಳ ಬಿಗಿದು ಜೋರಾಗಿ ಕುಲುಕಿ, ಸರಿಯಾಗಿ 5 ನಿಮಿಷ ಕಾಯಬೇಕು. ಬಾಟಲಿಯನ್ನು ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ಆದ್ದರಿಂದ ಅದನ್ನು ನೇರವಾಗಿ ತಲೆಕೆಳಗೆ ಹಿಡಿಯಬೇಕು. ಎರಡನೆಯ ಬಾಟಲಿಯಲ್ಲಿರುವುದು ಕಟುವಾದ ಕ್ಷಾರ. ಮಕ್ಕಳಿರುವ ಮನೆಯಲ್ಲಿ ಅದು ಮೇಲಿನ ಶೆಲ್ಫಿನಲ್ಲಿರಲಿ, ಪರೀಕ್ಷೆ ಮುಗಿದ ನೀರು ಯಾವ ಕಾರಣಕ್ಕೂ ತೊಟ್ಟಿಗೆ ಮರಳಬಾರದು. ಬಣ್ಣ ನೋಡುವಾಗ ಟ್ಯೂಬನ್ನು ಕಿಟ್ಟಿನ ಜೊತೆ ಬರುವ ಬಣ್ಣದ ಕಾರ್ಡಿನ ಬಿಳಿಯ ಭಾಗಕ್ಕೆ ಒತ್ತಿ ಹಿಡಿದು ಕಿಟಕಿಯ ಹಗಲು ಬೆಳಕಿನಲ್ಲಿ ನೋಡಬೇಕು. ಹಳದಿ ಬಲ್ಬಿನ ಕೆಳಗೆ 0 ಮತ್ತು 0.25 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನಡುವಿನ ವ್ಯತ್ಯಾಸ ಕಾಣುವುದಿಲ್ಲ. ದಿನವೂ ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರು ಈ ಪರೀಕ್ಷೆಯನ್ನು ಬೆಳಗಿನ ಕಾಫಿಯ ಹೊತ್ತಿಗೆ ಇಟ್ಟುಕೊಂಡರೆ ಬೆಳಕಿನ ತೊಂದರೆಯೂ ಇಲ್ಲ, ದಿನದಿನದ ಅಂತರವೂ 24 ಗಂಟೆಯೇ ಆಗುತ್ತದೆ.

ಕಿಟ್ಟು ಮನೆಗೆ ಬಂದ ದಿನ ಮೊದಲು ಸೀಲು ಮಾಡಿದ ಬಾಟಲಿಯ ಕುಡಿಯುವ ನೀರನ್ನು ಪರೀಕ್ಷಿಸಿ. ಅದು ಸ್ವಚ್ಛ ಹಳದಿಯಾಗಿ ಉಳಿಯಬೇಕು. ನಿಮ್ಮ ಕಣ್ಣಿಗೆ, ನಿಮ್ಮ ಮನೆಯ ಬೆಳಕಿಗೆ ಸೊನ್ನೆ ಎಂದರೆ ಆ ಬಣ್ಣ. ನನ್ನ ಮೊದಲ ಪ್ರಯತ್ನದಲ್ಲಿ ಬಾಟಲಿ ನೀರೇ 0.5 ತೋರಿಸಿತು. ಕಿಟ್ಟನ್ನು ಬೈದು ಅಂಗಡಿಗೆ ಮರಳಿಸಲು ಹೊರಟಿದ್ದಾಗ ನೆನಪಾಯಿತು: ಸ್ವಲ್ಪ ಮೊದಲು ತೊಟ್ಟಿಯ ಹೊರಗಾಜನ್ನು ಕಿಟಕಿ ಒರೆಸುವ ದ್ರವದಿಂದ ಉಜ್ಜಿದ್ದೆ, ಅದೇ ಹೆಬ್ಬೆರಳನ್ನು ಟ್ಯೂಬಿನ ಬಾಯಿಗೆ ಒತ್ತಿ ಕುಲುಕಿದ್ದೆ. ಅಂಥ ಹಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಕೈ ತೊಳೆದು, ಮುಚ್ಚಳ ಹಾಕಿ ಮತ್ತೆ ಪರೀಕ್ಷಿಸಿದಾಗ ಹಳದಿ ಹಳದಿಯಾಗಿಯೇ ಉಳಿಯಿತು. ಈ ಶೂನ್ಯದ ಪರೀಕ್ಷೆ ಮಾಡಿರದಿದ್ದರೆ ಇಲ್ಲದ ಅಮೋನಿಯಾಕ್ಕಾಗಿ ವಾರಗಟ್ಟಲೆ ನೀರು ಬದಲಿಸುತ್ತಿದ್ದೆ.

ಎರಡನೆಯ ಪರೀಕ್ಷೆ ನಲ್ಲಿಯ ನೀರಿನದು. ಮುಂಬಯಿಗೆ ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಬರುವ ನೀರು ಸಾಮಾನ್ಯವಾಗಿ ಮೆದು ನೀರು. ಅದರಲ್ಲಿ ಕ್ಲೋರಿನ್ ಇರುತ್ತದೆ, ಮಳೆಗಾಲದಲ್ಲಿ ಕೆಲವು ದಿನ ಅದರ ವಾಸನೆ ಮೂಗಿಗೇ ಹೊಡೆಯುತ್ತದೆ. ನಾವು ಬೆಳೆಸಹೊರಟ ಜೀವಿಗಳನ್ನೇ ಕ್ಲೋರಿನ್ ಕೊಲ್ಲುವುದರಿಂದ, ನೀರನ್ನು ಬಕೆಟಿನಲ್ಲಿ ಏರ್ ಪಂಪ್ ಹಚ್ಚಿ ಒಂದು ದಿನ ಇಡಬೇಕು ಅಥವಾ ಕ್ಲೋರಿನ್ ತೆಗೆಯುವ ಔಷಧಿ ಹಾಕಬೇಕು. ಸೊಸೈಟಿಯ ಮೇಲಿನ ಟಾಂಕಿಯನ್ನು ತೊಳೆದ ದಿನದ ನೀರನ್ನು ತೊಟ್ಟಿಗೆ ಬಳಸಲೇಬೇಡಿ. ಬೇಸಿಗೆಯಲ್ಲಿ ಟ್ಯಾಂಕರಿನಿಂದಲೋ ಬೋರ್‌ವೆಲ್ಲಿನಿಂದಲೋ ನೀರು ಬರುವ ಕಟ್ಟಡಗಳಲ್ಲಿ ನೀರಿನ ಗುಣವೇ ಬೇರೆ. ಹಾಗಾಗಿ ಒಮ್ಮೆ ಪರೀಕ್ಷಿಸಿದ್ದನ್ನು ವರ್ಷವಿಡೀ ನಂಬದೆ, ನೀರಿನ ಮೂಲ ಬದಲಾದಾಗಲೆಲ್ಲ ಅಮೋನಿಯಾ, ನೈಟ್ರೇಟ್, ಪಿಎಚ್ ಮೂರನ್ನೂ ನೋಡಿ ಬರೆದಿಡಬೇಕು.

ಇನ್ನು ಅಮೋನಿಯಾ ಹಾಕುವ ವಿಚಾರ. ಒಂದು ತುಂಡು ಸಿಗಡಿಯನ್ನು ತೊಟ್ಟಿಯಲ್ಲಿ ಕೊಳೆಯಲು ಬಿಡುವ ಪದ್ಧತಿಯೊಂದಿದೆ. ಅದರಿಂದ ಎಷ್ಟು ಅಮೋನಿಯಾ ಬಂತೆಂದು ತಿಳಿಯುವುದಿಲ್ಲ, ಪಕ್ಕದ ಮನೆಯವರಿಗೆ ವಾಸನೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅಮೋನಿಯಮ್ ಕ್ಲೋರೈಡ್ ಉತ್ತಮ. ಇದು ನಮ್ಮ ನವಸಾಗರವೇ, ಮರಾಠಿಯಲ್ಲೂ ಅದೇ ಹೆಸರು. ಆದರೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ಮಾರುವ ನವಸಾಗರದ ಗಟ್ಟಿಯಲ್ಲಿ ಬೇರೆ ಲೋಹದ ಕಲ್ಮಷ ಇರಬಹುದಾದ್ದರಿಂದ ಅದನ್ನು ಬಿಟ್ಟು, ಪ್ರಯೋಗಾಲಯದ ದರ್ಜೆಯ ಪುಡಿಯನ್ನು ಕೊಳ್ಳಬೇಕು. ಪ್ರಿನ್ಸೆಸ್ ಸ್ಟ್ರೀಟ್ ಕಡೆಯ ರಾಸಾಯನಿಕದ ಅಂಗಡಿಗಳಲ್ಲಿ ವಿಚಾರಿಸಬಹುದು.

ಲೆಕ್ಕ ಸರಳವಾಗಿದೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಅಮೋನಿಯಾ ಇದ್ದರೆ ಅದು 1 ಪಿಪಿಎಂ; ಅದಕ್ಕೆ 3.14 ಮಿಲಿಗ್ರಾಂ ಅಮೋನಿಯಮ್ ಕ್ಲೋರೈಡ್ ಬೇಕು. ಆದ್ದರಿಂದ 3.14 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿಕೊಂಡರೆ, ಆ ದ್ರಾವಣದ 1 ಮಿಲಿಲೀಟರ್ 10 ಲೀಟರ್ ನೀರಿನ ಅಮೋನಿಯಾವನ್ನು 1 ಪಿಪಿಎಂ ಏರಿಸುತ್ತದೆ. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಕಾಗದದ ಮೇಲೆ 56 ಲೀಟರಿನದು. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರಿನ ಆಸುಪಾಸಿನಲ್ಲಿರುತ್ತದೆ. ತುಂಬಿಸುವಾಗಲೇ ಬಕೆಟ್ ಎಣಿಸುವುದು ಇದಕ್ಕಾಗಿ. ಅಂಥ ತೊಟ್ಟಿಯನ್ನು 2 ಪಿಪಿಎಂಗೆ ತರಲು 9 ಮಿಲಿಲೀಟರ್ ದ್ರಾವಣ ಸಾಕು. ಸೂಜಿ ತೆಗೆದ ಸಿರಿಂಜಿನಿಂದ ಅಳೆಯಬಹುದು. ಹಾಕಿ ಒಂದು ಗಂಟೆ ಫಿಲ್ಟರ್ ಓಡಿದ ಮೇಲೆ ಪರೀಕ್ಷಿಸಿದರೆ ಕಾರ್ಡಿನಲ್ಲಿ 2ರ ಹಸಿರು ಕಾಣಬೇಕು. ಬಾಟಲಿ ನೀರಿನಿಂದ ಸೊನ್ನೆ, ಈ ಲೆಕ್ಕದಿಂದ ಎರಡು: ಕಿಟ್ಟಿನ ಎರಡು ಬಿಂದುಗಳು ಹೀಗೆ ಖಚಿತವಾದ ಮೇಲೆ ನಡುವಿನ ಅಂಕಿಗಳನ್ನು ನಂಬಬಹುದು. ಕೆಲವು ಕಿಟ್ಟುಗಳು ಅಮೋನಿಯಾದ ಬದಲು ಅದರಲ್ಲಿರುವ ಸಾರಜನಕವನ್ನಷ್ಟೇ ಲೆಕ್ಕ ಹಾಕುತ್ತವೆ; ಅವುಗಳ ಅಂಕಿಯನ್ನು 1.22ರಿಂದ ಗುಣಿಸಬೇಕು.

ಆಮೇಲೆ ಕೆಲವು ದಿನ ಏನೂ ಆಗುವುದಿಲ್ಲ. ಮೊದಲ ವಾರವಿಡೀ 2 ಪಿಪಿಎಂ ಹಾಗೆಯೇ ನಿಂತಿರುವುದು ಸಹಜ. ಬೇಸರಪಟ್ಟು ಇನ್ನಷ್ಟು ಅಮೋನಿಯಾ ಸುರಿಯುವುದೇ ಹೊಸಬರು ಮಾಡುವ ದೊಡ್ಡ ತಪ್ಪು, ಏಕೆಂದರೆ 5 ಪಿಪಿಎಂ ದಾಟಿದರೆ ನೈಟ್ರೈಟ್ ತಿನ್ನಬೇಕಾದ ಜೀವಿಗಳ ಬೆಳವಣಿಗೆ ಹಿಂದೆ ಬೀಳುತ್ತದೆ. ಈ ಹಂತದಲ್ಲಿ ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸಿದರೆ ಸಾಕು. ಬಣ್ಣ ಕಾರ್ಡಿನ ಮೇಲಿನ ತುದಿಗೆ ತಲುಪಿ ಓದಲಾಗದಿದ್ದರೆ, ತೊಟ್ಟಿಯ ಒಂದು ಪಾಲು ನೀರಿಗೆ ಬಾಟಲಿಯ ಮೂರು ಪಾಲು ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಅಮೋನಿಯಾ ಇಳಿಯತೊಡಗುತ್ತದೆ, ಜೊತೆಗೆ ನೈಟ್ರೈಟ್ ಏರುತ್ತದೆ. ಒಂದು ಪಿಪಿಎಂ ಅಮೋನಿಯಾ ಪೂರ್ತಿ ಬದಲಾದರೆ 2.7 ಪಿಪಿಎಂ ನೈಟ್ರೈಟ್ ಆಗುತ್ತದೆಯಾದ್ದರಿಂದ, ನೈಟ್ರೈಟಿನ ಟ್ಯೂಬು ಕಡು ನೇರಳೆಯಾದರೆ ಗಾಬರಿಪಡಬೇಕಿಲ್ಲ. ಅಮೋನಿಯಾ 0.5ಕ್ಕಿಂತ ಇಳಿದಾಗ ಮತ್ತೆ 2ಕ್ಕೆ ಏರಿಸುತ್ತ ಹೋಗಬೇಕು. ಇಲ್ಲಿಂದ ಮುಂದೆ ದಿನವೂ ಪರೀಕ್ಷಿಸಿ, ದಿನಾಂಕದ ಎದುರು ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡಬೇಕು. ಒಂಟಿ ಅಂಕಿಗಿಂತ ನಿನ್ನೆಯಿಂದ ಇವತ್ತಿಗೆ ಅದು ಎಷ್ಟು ಸರಿಯಿತು ಎಂಬುದೇ ಹೆಚ್ಚು ಹೇಳುತ್ತದೆ.

ಪಿಎಚ್ ಯಾಕೆ ಎಂದು ಕೇಳುವವರಿದ್ದಾರೆ. ಮುಂಬಯಿ, ಪುಣೆಗಳ ಮೆದು ನೀರಿನಲ್ಲಿ ಸೈಕ್ಲಿಂಗ್ ಅರ್ಧದಲ್ಲಿ ನಿಂತುಹೋಗಲು ಬಹುಮಟ್ಟಿಗೆ ಇದೇ ಕಾರಣ ಎಂಬುದು ನನ್ನ ಅಭಿಪ್ರಾಯ. ಅಮೋನಿಯಾವನ್ನು ಬದಲಿಸುವಾಗ ಜೀವಿಗಳು ಆಮ್ಲವನ್ನು ಹುಟ್ಟಿಸುತ್ತವೆ, ಆ ಆಮ್ಲ ನೀರಿನ ಕಾರ್ಬೊನೇಟ್ ಗಡಸುತನವನ್ನು, ಹವ್ಯಾಸಿಗಳ ಮಾತಿನಲ್ಲಿ ಕೆಎಚ್ ಅನ್ನು, ತಿಂದುಹಾಕುತ್ತದೆ. ಒಂದು ಸಲ ಹಾಕುವ 2 ಪಿಪಿಎಂ ಅಮೋನಿಯಾ ಸುಮಾರು 0.65 ಡಿಗ್ರಿ ಕೆಎಚ್ ನುಂಗುತ್ತದೆ. ನಿಮ್ಮ ನೀರಿನ ಕೆಎಚ್ 2 ಡಿಗ್ರಿ ಇದ್ದರೆ ಮೂರು ಸಲ ಹಾಕುವಷ್ಟರಲ್ಲಿ ಅದು ಬರಿದಾಗಿ ಪಿಎಚ್ ಕುಸಿಯುತ್ತದೆ. ಪಿಎಚ್ 6.5ಕ್ಕಿಂತ ಇಳಿದರೆ ಜೀವಿಗಳ ಕೆಲಸ ಮಂದವಾಗುತ್ತದೆ, 6ರ ಹತ್ತಿರ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಆಗ ಅಮೋನಿಯಾ ಇಳಿಯುವುದಿಲ್ಲ, ನಾವು ಕಿಟ್ಟನ್ನೋ ಫಿಲ್ಟರನ್ನೋ ದೂರುತ್ತೇವೆ. ಪರಿಹಾರ ಅಡುಗೆಮನೆಯಲ್ಲೇ ಇದೆ: ಒಂದು ಲೀಟರಿಗೆ 30 ಮಿಲಿಗ್ರಾಂ ಅಡುಗೆ ಸೋಡಾ ಕೆಎಚ್ ಅನ್ನು 1 ಡಿಗ್ರಿ ಏರಿಸುತ್ತದೆ, 45 ಲೀಟರಿಗೆ 1.35 ಗ್ರಾಂ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬಾರದು.

ಉಷ್ಣತೆಯ ವಿಚಾರದಲ್ಲಿ ಮುಂಬಯಿ ಮತ್ತು ಗೋವಾದವರು ಅದೃಷ್ಟವಂತರು. ವರ್ಷದ ಬಹುಭಾಗ ನೀರು ತಾನಾಗಿಯೇ 26ರಿಂದ 30 ಡಿಗ್ರಿ ಇರುವುದರಿಂದ ಜೀವಿಗಳು ಚುರುಕಾಗಿ ಬೆಳೆಯುತ್ತವೆ. ಪುಣೆಯವರು ಡಿಸೆಂಬರಿನಲ್ಲಿ ತೊಟ್ಟಿ ಆರಂಭಿಸುವುದಾದರೆ ಹೀಟರ್ ಇಡಬೇಕು, ಇಲ್ಲದಿದ್ದರೆ ಅವಧಿ ಇನ್ನೂ ಉದ್ದವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಏರ್ ಪಂಪ್ ಹಗಲುರಾತ್ರಿ ಓಡಲಿ. ಗೆಳೆಯರ ಹಳೆಯ ತೊಟ್ಟಿಯಿಂದ ಫಿಲ್ಟರಿನ ಸ್ಪಾಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ವಾರಗಳು ಉಳಿಯುತ್ತವೆ. ಅವರ ಮೀನು ಆರೋಗ್ಯವಾಗಿವೆಯೇ ಎಂದು ನೋಡಿಕೊಳ್ಳಿ. ನಡುವೆ ಮತ್ಸ್ಯಗಂಧ ರೈಲು ಹತ್ತಿ ನಾಲ್ಕು ದಿನ ಊರಿಗೆ ಹೋಗಿಬರಬೇಕಾದರೆ ಚಿಂತೆಯಿಲ್ಲ, ಅಮೋನಿಯಾ ಸಿಗದ ನಾಲ್ಕು ದಿನಕ್ಕೆ ಜೀವಿಗಳು ಸಾಯುವುದಿಲ್ಲ. ಫಿಲ್ಟರಿನ ಸ್ವಿಚ್ಚನ್ನು ಮಾತ್ರ ಆರಿಸಬಾರದು.

ಕಿಟ್ಟು ಅಳೆಯುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಮೀನಿಗೆ ನಿಜವಾಗಿ ವಿಷವಾದದ್ದು ಮುಕ್ತ ಅಮೋನಿಯಾ. ಉಳಿದದ್ದು ಅಮೋನಿಯಮ್ ರೂಪದಲ್ಲಿದ್ದು ಅಷ್ಟು ಹಾನಿ ಮಾಡುವುದಿಲ್ಲ. 28 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟಿನ ಶೇಕಡಾ 0.7ರಷ್ಟು ಮಾತ್ರ ಮುಕ್ತವಾಗಿರುತ್ತದೆ, ಪಿಎಚ್ 8 ಇದ್ದರೆ ಶೇಕಡಾ 6.5. ಆದ್ದರಿಂದಲೇ ನಲ್ಲಿ ನೀರಿನಲ್ಲಿ ಮೀನು ತಡೆದುಕೊಂಡ ಅಂಕಿ ಪಿಎಚ್ ಹೆಚ್ಚಿರುವ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದನ್ನು ಕೊಲ್ಲಬಹುದು. ತಿಳಿಯದೆ ಈಗಾಗಲೇ ಮೀನು ಬಿಟ್ಟಿರುವವರು ಆಹಾರವನ್ನು ಅರ್ಧಕ್ಕಿಳಿಸಿ, ದಿನವೂ ಪರೀಕ್ಷಿಸಿ, ಅಂಕಿ 0.25 ದಾಟಿದ ದಿನ ಕ್ಲೋರಿನ್ ತೆಗೆದ ನೀರಿನಿಂದ ಮೂರನೆಯ ಒಂದು ಭಾಗ ಬದಲಿಸಬೇಕು. ಅಮೋನಿಯಾವನ್ನು ಹಿಡಿದಿಡುವ ಔಷಧಿ ಹಾಕಿದರೂ ಸ್ಯಾಲಿಸಿಲೇಟ್ ಕಿಟ್ಟು ಹಿಡಿದಿಟ್ಟ ಅಮೋನಿಯಾವನ್ನೂ ಸೇರಿಸಿ ತೋರಿಸುತ್ತದೆ. ಬಣ್ಣ ಇಳಿಯಲಿಲ್ಲವೆಂದು ಔಷಧಿಯನ್ನು ಮತ್ತೆ ಮತ್ತೆ ಸುರಿಯಬಾರದು.

ಬೆಳಿಗ್ಗೆ 2 ಪಿಪಿಎಂ ಹಾಕಿ, ಮರುದಿನ ಅದೇ ಹೊತ್ತಿಗೆ ಅಮೋನಿಯಾವೂ ನೈಟ್ರೈಟೂ ಸೊನ್ನೆಯಾಗಿ, ನೈಟ್ರೇಟ್ ಮಾತ್ರ ಏರಿರುವುದು ಕಂಡರೆ ಸೈಕಲ್ ಮುಗಿದಿದೆ. ಒಂದು ದಿನದ ಫಲಿತಾಂಶಕ್ಕೆ ಒಪ್ಪದೆ, ಬಾಟಲಿ ನೀರಿನ ಟ್ಯೂಬನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೆರಡು ದಿನ ಇದನ್ನೇ ಪುನರಾವರ್ತಿಸುವುದು ಒಳ್ಳೆಯದು. ನೈಟ್ರೇಟ್ ಪರೀಕ್ಷೆಯ ಎರಡನೆಯ ಬಾಟಲಿಯಲ್ಲಿ ಗಷ್ಟು ತಳಕ್ಕಿಳಿದಿರುತ್ತದೆಯಾದ್ದರಿಂದ ಅದನ್ನು 30 ಸೆಕೆಂಡು ಬಲವಾಗಿ ಕುಲುಕಿಯೇ ಹನಿ ಹಾಕಬೇಕು, ಇಲ್ಲವಾದರೆ ಅಂಕಿ ಕಡಿಮೆ ಬರುತ್ತದೆ. ಕೊನೆಗೆ ಮುಕ್ಕಾಲು ಭಾಗ ನೀರು ಬದಲಿಸಿ ನೈಟ್ರೇಟನ್ನು ಇಳಿಸಿ, ಅದೇ ದಿನ ಅಥವಾ ಮರುದಿನ ಮೊದಲ ಮೂರು ನಾಲ್ಕು ಮೀನು ತರಬಹುದು. ಮೀನು ಬಂದ ಮೊದಲ ಎರಡು ವಾರ ಬೆಳಗಿನ ಪರೀಕ್ಷೆ ನಿಲ್ಲದಿರಲಿ. ಆ ಸಾಲುಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.