ಸೋರುವ ತಾರಸಿಗೆ ಏನು ಹಾಕಿಸೋದು? ನಾನು ಪಿಯು (ಪಾಲಿಯುರೆಥೇನ್) ಕೋಟಿಂಗ್ ಆರಿಸಿಕೊಂಡಿದ್ದು ಹೀಗೆ

ಮೈಸೂರಿನಲ್ಲಿ ನಮ್ಮದು 30×40 ಸೈಟಿನ ಹಳೇ ಮನೆ. ಮೇಲೆ ಸುಮಾರು 900 ಚದರಡಿ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ. ಅಡುಗೆಮನೆ ಮೂಲೆಯಲ್ಲಿ ಸೀಲಿಂಗ್ ಬಣ್ಣ ಉಬ್ಬಿ ಉದುರುತ್ತಿತ್ತು. ಅಕ್ಟೋಬರ್ ಮಳೆಗೆ ಕಲೆ ಗೋಡೆಗೂ ಇಳಿಯಿತು. ಏನು ಹಾಕಿಸೋದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮೇಸ್ತ್ರಿ ಇಟ್ಟಿಗೆ ಚೂರು ಹಾಕಿ ಗಾರೆ ಮಾಡೋಣ ಅಂದರು. ಪೇಂಟ್ ಅಂಗಡಿಯವರು ಒಂದು ಬಕೆಟ್ ತೋರಿಸಿ ಎರಡು ಕೋಟ್ ಹೊಡೆಸಿ ಸಾಕು ಅಂದರು. ಪಕ್ಕದ ಮನೆಯವರು ಮೇಲೆ ಶೀಟಿನ ಮಾಡು ಹಾಕಿಸಿಬಿಡಿ ಅಂದರು. ಇವು ಯಾವುದೂ ಕೆಟ್ಟ ಸಲಹೆ ಅಲ್ಲ. ಆದರೆ ಯಾವುದು ಸರಿ ಅನ್ನೋದನ್ನ ಹೇಳೋದು ನಿಮ್ಮ ತಾರಸಿಯೇ.

ಅದಕ್ಕೇ ನಾನು ಮೊದಲು ನೀರು ನೋಡಿದೆ. ಮಳೆ ನಿಂತ ಮೇಲೆ ತಾರಸಿ ಹತ್ತಿ, ಎಲ್ಲೆಲ್ಲಿ ನೀರು ಹರಿದು ಹೋಗದೆ ನಿಂತಿದೆಯೋ ಅಲ್ಲೆಲ್ಲ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಡುಗೆಮನೆ ಮೇಲಿನ ಮೂಲೆಯಲ್ಲಿ ಮಾರನೇ ದಿನವೂ ನೀರು ಇತ್ತು. ಅಲ್ಲಿ ವಾಟ, ಅಂದರೆ ನೀರು ಹರಿಯುವ ಇಳಿಜಾರು ಇರಲಿಲ್ಲ, ಪೈಪಿನ ಬಾಯಿ ತಾರಸಿಗಿಂತ ಮೇಲೆ ಕೂತಿತ್ತು. ಇದೊಂದು ವಿಷಯ ಅರ್ಧ ಪಟ್ಟಿಯನ್ನೇ ತೆಗೆದುಹಾಕಿತು. ಅಂಗಡಿಯಲ್ಲಿ ಜಾಸ್ತಿ ಸಿಗೋದು ನೀರಿನಲ್ಲಿ ಕಲಸಿದ ಅಕ್ರಿಲಿಕ್ ಕೋಟಿಂಗ್. ನೀರು ಬೇಗ ಹರಿದುಹೋಗುವ ತಾರಸಿಗೆ ಅದು ಒಳ್ಳೆಯದೇ. ಆದರೆ ನೀರು ನಿಲ್ಲುವ ಕಡೆ ಅದು ಮೆತ್ತಗಾಗಿ ಏಳುತ್ತದೆ.

ಇಟ್ಟಿಗೆ ಚೂರಿನ ಗಾರೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು. ಬಿಸಿಲು ತಡೆಯುತ್ತದೆ, ವಾಟವೂ ಅದರಲ್ಲೇ ಬರುತ್ತದೆ. ನನಗೆ ಅಡ್ಡ ಬಂದದ್ದು ಭಾರ. ನಾಲ್ಕು ಇಂಚು ದಪ್ಪ ಹಾಕಿದರೆ ಚದರ ಮೀಟರಿಗೆ ಸುಮಾರು 190 ಕೆಜಿ ಆಗುತ್ತದೆ, ನಮ್ಮ ತಾರಸಿ ಸುಮಾರು 84 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 16 ಟನ್. ಓಡಾಡುವ ತಾರಸಿಗೆ ಜನ, ಸಾಮಾನು ಎಲ್ಲ ಸೇರಿ ಐಎಸ್ 875ರಲ್ಲಿ (ಕಟ್ಟಡದ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ) ಹಿಡಿಯುವ ಲೆಕ್ಕವೇ ಚದರ ಮೀಟರಿಗೆ ಸುಮಾರು 150 ಕೆಜಿ. ಹೊಸ ಮನೆ ಕಟ್ಟುವಾಗ ಎಂಜಿನಿಯರು ಈ ಭಾರವನ್ನ ಮೊದಲೇ ಲೆಕ್ಕಕ್ಕೆ ತಗೊಂಡಿದ್ದರೆ ಧೈರ್ಯವಾಗಿ ಹಾಕಿಸಿ. ಹಳೇ ಮೋಲ್ಡ್ ಮೇಲೆ ಎಂಜಿನಿಯರನ್ನ ಕೇಳದೆ ಹಾಕಿಸಬೇಡಿ. ಇನ್ನೊಂದು ತೊಂದರೆ ಏನಂದರೆ, ಗಾರೆಯೊಳಗೆ ನೀರು ಸೇರಿದರೆ ಅದು ಇಟ್ಟಿಗೆ ಚೂರುಗಳ ನಡುವೆ ಹರಿದು ಎಲ್ಲೋ ದೂರದಲ್ಲಿ ಸೋರುತ್ತದೆ. ಮೂಲ ಹುಡುಕೋದು ಬಹಳ ಕಷ್ಟ.

ಬೆಂಕಿಯಿಂದ ಕಾಯಿಸಿ ಅಂಟಿಸುವ ಟಾರಿನ ಹಾಳೆ, ಅಂದರೆ ಮೆಂಬ್ರೇನ್ ಕೂಡ ನೋಡಿದೆ. ಗೋಡೌನಿನಂಥ ದೊಡ್ಡ, ಖಾಲಿ ತಾರಸಿಗೆ ಅದು ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿ ಟ್ಯಾಂಕಿನ ಕಟ್ಟೆ, ಸೋಲಾರ್ ಹೀಟರ್, ಐದಾರು ಪೈಪು. ಪ್ರತಿಯೊಂದರ ಸುತ್ತ ಕತ್ತರಿಸಿ ಅಂಟಿಸಬೇಕು, ಒಂದೊಂದು ಜಾಯಿಂಟೂ ಸೋರುವ ಜಾಗವಾಗಬಹುದು. ಶೀಟು ಮಲೆನಾಡಿಗೆ ಸರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆಗೆ ಮೋಲ್ಡ್ ಮೇಲೆ ಇನ್ನೊಂದು ಇಳಿಜಾರು ಮಾಡು ಬೇಕೇ ಬೇಕು. ಮೈಸೂರಿನಲ್ಲಿ ಬೀಳೋದು ಸುಮಾರು 800 ಮಿ.ಮೀ. ಅಷ್ಟೇ. ಜೊತೆಗೆ ಅಮ್ಮನಿಗೆ ಹಪ್ಪಳ, ಮೆಣಸಿನಕಾಯಿ ಒಣಗಿಸಲು ಬಿಸಿಲು ಬೇಕು.

ಉಳಿದದ್ದು ಪಾಲಿಯುರೆಥೇನ್, ಅಂದರೆ ಪಿಯು. ಅಕ್ರಿಲಿಕ್‌ಗಿಂತ ದುಬಾರಿ. ಆದರೆ ರಬ್ಬರಿನ ಹಾಗೆ ಎಳೆದರೆ ಹಿಗ್ಗುತ್ತದೆ. ಇದು ಯಾಕೆ ಮುಖ್ಯ ಅಂದರೆ, ಏಪ್ರಿಲ್ ಬಿಸಿಲಿಗೆ ಮೋಲ್ಡ್ ಹಿಗ್ಗಿ ರಾತ್ರಿ ಕುಗ್ಗುತ್ತದೆ, ಮೇಲೆ ಬರೀ ಸಿಮೆಂಟ್ ಇದ್ದರೆ ಅದೇ ಜಾಗದಲ್ಲಿ ಮತ್ತೆ ಬಿರುಕು ಬಿಡುತ್ತದೆ. ಭಾರವೂ ಇಲ್ಲ. ಬಿಸಿಲಿಗೆ ಹಳದಿಯಾಗದ ಅಲಿಫ್ಯಾಟಿಕ್ ಟಾಪ್ ಕೋಟನ್ನೇ ಕೇಳಿ, ಬಿಳಿ ಬಣ್ಣದ್ದು.

ಕೋಟಿಂಗ್ ಹೊಡೆಯೋದು ಸುಲಭ, ಅದಕ್ಕಿಂತ ಮುಂಚಿನ ಕೆಲಸವೇ ದೊಡ್ಡದು. ಸುತ್ತಿಗೆಯಿಂದ ಇಡೀ ತಾರಸಿ ತಟ್ಟಿಸಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಹಳೇ ಗಾರೆ ಕೀಳಿಸಿದೆ. ಆ ಮೂಲೆಯ ಪೈಪನ್ನು ಕೆಳಗಿಳಿಸಿ, ಹತ್ತು ಅಡಿಗೆ ಒಂದೂಕಾಲು ಇಂಚಿನಂತೆ ಹೊಸದಾಗಿ ವಾಟ ಕೊಡಿಸಿದೆ. ಬಿರುಕುಗಳನ್ನು ಅಗಲ ಮಾಡಿ ಪಾಲಿಮರ್ ಗಾರೆ ತುಂಬಿಸಿದೆವು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ ನೇರವಾಗಿರಬಾರದು, ದುಂಡಗಿರಬೇಕು, ಕೋಟಿಂಗ್ ಗೋಡೆಯ ಮೇಲೂ ಒಂದಡಿ ಹತ್ತಬೇಕು. ಸೋರುವ ಮನೆಗಳಲ್ಲಿ ಬಹಳಷ್ಟು ಸಲ ನೀರು ಇಳಿಯೋದು ಅಲ್ಲಿಂದಲೇ.

ಹೊಸ ಗಾರೆ ಪೂರ್ತಿ ಒಣಗುವವರೆಗೂ ಕಾಯಿರಿ. ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಕೆಳಗೆ ಹನಿ ಕಂಡರೆ ಒಳಗೆ ಇನ್ನೂ ತೇವ ಇದೆ. ಅದರ ಮೇಲೆ ಪಿಯು ಹೊಡೆದರೆ ಬಿಸಿಲಿಗೆ ಗುಳ್ಳೆ ಏಳುತ್ತದೆ. ಫೆಬ್ರವರಿ, ಮಾರ್ಚ್ ಈ ಕೆಲಸಕ್ಕೆ ಒಳ್ಳೆಯ ಕಾಲ, ಆದರೆ ನಡುಮಧ್ಯಾಹ್ನ ಹೊಡೆಸಬೇಡಿ.

ಇನ್ನು ಡಬ್ಬದ ಲೆಕ್ಕ. ಕೋಟಿಂಗ್ ತೆಳ್ಳಗಾದರೆ ನಾಲ್ಕೇ ವರ್ಷಕ್ಕೆ ಹೋಗಬಹುದು, ದಪ್ಪ ಎಷ್ಟಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಕಂಪನಿಯ ಹಾಳೆಯಲ್ಲಿ ಚದರ ಮೀಟರಿಗೆ ಎಷ್ಟು ಕೆಜಿ ಅಂತ ಬರೆದಿರುತ್ತದೆ. ಎರಡೂ ಕೋಟ್‌ಗೆ ಸೇರಿ 2 ಕೆಜಿ ಅಂತಿದ್ದರೆ 84 ಚದರ ಮೀಟರಿಗೆ 168 ಕೆಜಿ ಬೇಕು, ಅಂದರೆ 20 ಕೆಜಿಯ ಡಬ್ಬ ಒಂಬತ್ತು. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಗಳನ್ನ ಎಣಿಸಿಯೇ ದುಡ್ಡು ಕೊಡಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಕೋಟಿಂಗ್ ಗಟ್ಟಿಯಾಗಲು ಕಂಪನಿ ಹೇಳಿದಷ್ಟು ದಿನ ಬಿಟ್ಟು, ಪೈಪುಗಳ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ನೋಡಿದೆವು. ಕೆಳಗೆ ಎಲ್ಲೂ ತೇವ ಬರಲಿಲ್ಲ. ಆಮೇಲೆ ಕೊನೇ ಕಂತು ಕೊಟ್ಟೆ. ಈಗ ಸೋಲಾರ್ ಸ್ಟ್ಯಾಂಡಾಗಲಿ, ಬಟ್ಟೆ ಹಾಕುವ ಕಂಬವಾಗಲಿ, ತಾರಸಿಗೆ ಡ್ರಿಲ್ ಹಾಕಲು ಯಾರಿಗೂ ಬಿಡುವುದಿಲ್ಲ. ರಬ್ಬರ್ ಮ್ಯಾಟ್ ಹಾಸಿ, ಕಾಂಕ್ರೀಟ್ ದಿಮ್ಮಿ ಇಟ್ಟು, ಅದರ ಮೇಲೆ ನಿಲ್ಲಿಸಿದ್ದೇವೆ.