ಪಾರ್ಶ್ವ ಸೂರ್ಯಗ್ರಹಣವನ್ನು ನೋಡಲು ಮಾಡಿಕೊಳ್ಳಬೇಕಾದ ಸಿದ್ಧತೆ

2027ರ ಆಗಸ್ಟ್ 2ರ ಸೂರ್ಯಗ್ರಹಣವು ಈಜಿಪ್ಟಿನ ಲಕ್ಸರ್, ಸೌದಿ ಅರೇಬಿಯಾದ ಜೆಡ್ಡಾ ಮೊದಲಾದ ಕಡೆ ಖಗ್ರಾಸವಾಗಿರುತ್ತದೆ. ಕರ್ನಾಟಕದಲ್ಲಿ ಅದು ಪಾರ್ಶ್ವ ಗ್ರಹಣವಾಗಿ, ಸೂರ್ಯನು ಪಶ್ಚಿಮಕ್ಕೆ ವಾಲಿದ ಹೊತ್ತಿನಲ್ಲಿ ಕಾಣಿಸುತ್ತದೆ. ಖಗ್ರಾಸದ ಊರುಗಳಲ್ಲಿ ಸೂರ್ಯಬಿಂಬವು ಪೂರ್ತಿ ಮುಚ್ಚಿಹೋದ ಕೆಲವೇ ನಿಮಿಷ ಬರಿಗಣ್ಣಿನಿಂದ ನೋಡಲು ಅಡ್ಡಿಯಿಲ್ಲ. ನಮ್ಮಲ್ಲಿ ಆ ಘಳಿಗೆಯೇ ಬಾರದಿರುವುದರಿಂದ ಸ್ಪರ್ಶದಿಂದ ಮೋಕ್ಷದವರೆಗೂ, ಅಂದರೆ ಗ್ರಹಣದ ಆರಂಭದಿಂದ ಕೊನೆಯವರೆಗೂ, ಕಣ್ಣಿಗೆ ರಕ್ಷಣೆ ಬೇಕು.

ನೇರವಾಗಿ ನೋಡಬೇಕೆನ್ನುವವರು ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡಕ್ಕೆ ಒಪ್ಪುವ ಗ್ರಹಣ ಕನ್ನಡಕವನ್ನು ನಂಬಿಕಸ್ಥರಿಂದ ಮುಂಚಿತವಾಗಿಯೇ ತರಿಸಿಟ್ಟುಕೊಳ್ಳಬೇಕು. ಅದನ್ನು ಹಾಕಿಕೊಂಡು ಮನೆಯೊಳಗೆ ನೋಡಿದಾಗ ಗೋಡೆ, ಕುರ್ಚಿಗಳು ಕಾಣುವಂತಿದ್ದರೆ, ಅಥವಾ ಹಾಳೆಯ ಮೇಲೆ ಗೀರು, ತೂತು ಇದ್ದರೆ, ಅದನ್ನು ಎಸೆಯುವುದೇ ಸರಿ. ತಲೆ ತಗ್ಗಿಸಿ ಹಾಕಿಕೊಂಡ ಬಳಿಕವೇ ಸೂರ್ಯನತ್ತ ನೋಡಬೇಕು. ತೆಗೆಯುವಾಗಲೂ ಮೊದಲು ಮುಖ ತಿರುಗಿಸಬೇಕು. ಇದನ್ನು ಧರಿಸಿ ದುರ್ಬೀನಿನಲ್ಲಿ ಇಣುಕಿದರೆ ಅಪಾಯ ಹೆಚ್ಚುತ್ತದೆ, ಏಕೆಂದರೆ ಮಸೂರವು ಕೇಂದ್ರೀಕರಿಸಿದ ಬಿಸಿಲು ಆ ಹಾಳೆಯನ್ನೇ ಸುಟ್ಟು ಕಣ್ಣಿಗೆ ತಾಗಬಲ್ಲದು. ಮಸಿ ಹಿಡಿಸಿದ ಗಾಜು, ಎಕ್ಸ್‌-ರೇ ಫಿಲ್ಮ್, ತಂಪು ಕನ್ನಡಕ, ತಟ್ಟೆಯ ಸಗಣಿನೀರಿನಲ್ಲಿ ಕಾಣುವ ಪ್ರತಿಬಿಂಬ ಇವು ಯಾವುವೂ ಸುರಕ್ಷಿತವಲ್ಲ.

ಮಕ್ಕಳು ಹೆಚ್ಚಿರುವ ಮನೆಗೂ ಶಾಲೆಗೂ ಕನ್ನಡಕಕ್ಕಿಂತ ಕನ್ನಡಿಯೇ ಮೇಲೆಂದು ನನ್ನ ಅಭಿಪ್ರಾಯ. ಒಂದೇ ಬಿಂಬವನ್ನು ಎಲ್ಲರೂ ಒಟ್ಟಿಗೆ ನೋಡಬಹುದು. ಚಿಕ್ಕ ಕನ್ನಡಿಯೊಂದಕ್ಕೆ ಅರ್ಧ ಸೆಂಟಿಮೀಟರ್ ಅಗಲದ ರಂಧ್ರವಿರುವ ದಪ್ಪ ಕಪ್ಪು ಕಾಗದವನ್ನು ಅಂಟಿಸಿ, ಪಶ್ಚಿಮದ ಬಿಸಿಲು ಬೀಳುವ ಕಿಟಕಿಯಲ್ಲಿ ಅಲುಗಾಡದಂತೆ ನಿಲ್ಲಿಸಿ, ಬೆಳಕನ್ನು ಕತ್ತಲೆ ಮಾಡಿದ ಕೋಣೆಯ ಎದುರುಗೋಡೆಗೆ ಹಾಯಿಸಬೇಕು. ದೂರದ ಪ್ರತಿ ಮೀಟರಿಗೆ ಬಿಂಬವು ಸುಮಾರು 9 ಮಿಲಿಮೀಟರ್ ಹಿಗ್ಗುವುದರಿಂದ 15 ಮೀಟರ್ ಉದ್ದದ ಸಭಾಂಗಣದಲ್ಲಿ ಅಂಗೈಗಿಂತ ಅಗಲವಾದ, ಸುಮಾರು 14 ಸೆಂಟಿಮೀಟರಿನ ಸೂರ್ಯನೇ ಸಿಗುತ್ತಾನೆ. ದೂರ ಕಡಿಮೆಯಿದ್ದರೆ ರಂಧ್ರವನ್ನೂ ಕಿರಿದಾಗಿಸಬೇಕು, ಇಲ್ಲವಾದರೆ ಅಂಚು ಮಸುಕಾಗುತ್ತದೆ. ಸೂರ್ಯ ಸರಿದಂತೆ ಬಿಂಬವೂ ಗೋಡೆಯ ಮೇಲೆ ಸರಿಯುವ ಕಾರಣ, ಕನ್ನಡಿಯನ್ನು ಆಗಾಗ ತಿರುಗಿಸಲು ದೊಡ್ಡವರೊಬ್ಬರು ಪಕ್ಕದಲ್ಲೇ ಇದ್ದು, ಯಾರೂ ಅದರೊಳಗೆ ಇಣುಕದಂತೆ ನೋಡಿಕೊಳ್ಳಬೇಕು. ಗ್ರಹಣಕ್ಕೆ ಮುಂಚಿನ ಯಾವುದಾದರೂ ಬಿಸಿಲಿನ ದಿನ, ಅದೇ ಹೊತ್ತಿನಲ್ಲಿ, ಇದನ್ನು ಒಮ್ಮೆ ಜೋಡಿಸಿ ನೋಡುವುದು ಒಳ್ಳೆಯದು. ಇಷ್ಟೂ ಆಗದಿದ್ದರೆ ಅಡುಗೆಮನೆಯ ಜರಡಿಯನ್ನು ಬಿಸಿಲಿಗೆ ಹಿಡಿಯಿರಿ. ನೆಲದ ಮೇಲೆ ಸಾಲುಸಾಲು ಕಚ್ಚಿದ ಸೂರ್ಯರು ಮೂಡುತ್ತಾರೆ.

ಆಗಸ್ಟ್ ಮಳೆಗಾಲವಾದ್ದರಿಂದ ಕರಾವಳಿ ಮತ್ತು ಮಲೆನಾಡಿಗಿಂತ ಬಳ್ಳಾರಿ, ವಿಜಯಪುರದ ಕಡೆ ಆಕಾಶ ತಿಳಿಯಾಗಿರುವ ಸಂಭವ ಹೆಚ್ಚು. ತೆಳುಮೋಡದ ಮರೆಯ ಸೂರ್ಯನು ತಂಪಾಗಿ ಕಂಡು ನಮ್ಮನ್ನು ಮೋಸಗೊಳಿಸುತ್ತಾನೆ. ಆಗಲೂ ಬರಿಗಣ್ಣಿನಿಂದ ನೋಡಬಾರದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲವಾದ್ದರಿಂದ ಹಾನಿಯು ಆ ಹೊತ್ತಿಗೆ ತಿಳಿಯದೆ, ಕೆಲವು ಗಂಟೆಗಳ ನಂತರವಷ್ಟೇ ಗೊತ್ತಾಗಬಹುದು. ಮರುದಿನ ಓದುವಾಗ ಅಕ್ಷರಗಳ ನಡುವೆ ಕಪ್ಪು ಚುಕ್ಕೆ ಕಂಡರೆ ಅಥವಾ ಗೆರೆಗಳು ಸೊಟ್ಟಗೆ ತೋರಿದರೆ, ತಡಮಾಡದೆ ನೇತ್ರತಜ್ಞರನ್ನು ಕಾಣಬೇಕು.